ಚಳಿಗಾಲದ ರಾತ್ರಿಗೆ ಸೈಕಲ್ ದೀಪ: ಸಾವಿರದೈನೂರರೊಳಗೆ ನಾನು ಆರಿಸಿಕೊಂಡ ಬಗೆ

ಸೈಕಲ್ಲಿಗೆ ದೀಪ ಕೊಳ್ಳಲು ಕೈಯಲ್ಲಿ ಐನೂರೇ ರೂಪಾಯಿ ಇದ್ದರೆ ಮೊದಲು ಹಿಂದಿನ ಕೆಂಪು ದೀಪವನ್ನು ಕೊಳ್ಳಿ. ಎದುರಿನಿಂದ ಬರುವ ವಾಹನ ನಮಗೆ ಕಾಣುತ್ತದೆ, ಪಕ್ಕಕ್ಕೆ ಸರಿದು ನಿಲ್ಲಬಹುದು. ಬೆನ್ನ ಹಿಂದೆ ಬರುವ ಟೆಂಪೋ ನಮಗೆ ಕಾಣುವುದಿಲ್ಲ. ಅದರ ಚಾಲಕನಿಗೆ ನಾವು ಕಾಣಲೇಬೇಕು. ಮುಂದಿನ ದೀಪಕ್ಕೆ ಹಣ ಕೂಡುವವರೆಗೆ ಮನೆಯ ಟಾರ್ಚನ್ನೇ ಹ್ಯಾಂಡಲ್‌ಗೆ ಬಿಗಿಯಾಗಿ ಕಟ್ಟಿಕೊಂಡು ನಿಧಾನವಾಗಿ ಹೋದರೂ ನಡೆಯುತ್ತದೆ.

ನಾನು ಮಂಡ್ಯದ ಒಂದು ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬಾಗಿಲು ಹಾಕುವಷ್ಟರಲ್ಲಿ ರಾತ್ರಿ ಒಂಬತ್ತು ದಾಟಿರುತ್ತದೆ. ಆ ಹೊತ್ತಿಗೆ ನಮ್ಮೂರಿಗೆ ಬಸ್ ಇರುವುದಿಲ್ಲ. ಊರು ಹತ್ತು ಕಿಲೋಮೀಟರ್ ದೂರ. ಅರ್ಧ ದಾರಿಗೆ ಬೀದಿದೀಪವಿದೆ, ಉಳಿದರ್ಧ ವಿಶ್ವೇಶ್ವರಯ್ಯ ನಾಲೆಯ ಏರಿ ಮತ್ತು ಗದ್ದೆ ಬಯಲು. ನಾಲೆಯ ಬದಿಗೆ ಎಲ್ಲ ಕಡೆಯೂ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ಸತ್ತದ್ದು ಹಗಲು ಹೊತ್ತಿನಲ್ಲಿ. ರಾತ್ರಿ ಆ ಏರಿಯ ಮೇಲೆ ಸೈಕಲ್ ತುಳಿಯುವವನಿಗೆ ರಸ್ತೆಯ ಅಂಚು ಎಲ್ಲಿ ಮುಗಿಯುತ್ತದೆ ಎನ್ನುವುದು ತಿಳಿದಿರಬೇಕು.

ಚಳಿಗಾಲದ ಸೈಕಲ್ ದೀಪದ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಹಿಮ ಬೀಳುವ ದೇಶದವರು ಹೇಳಿದವು. ಕೊರೆಯುವ ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ ಎನ್ನುತ್ತಾರೆ. ಮಾತು ನಿಜ, ಆದರೆ ಹದಿನೈದು ಡಿಗ್ರಿಯ ಆಸುಪಾಸಿನ ನಮ್ಮ ಚಳಿಗೆ ಲಿಥಿಯಂ ಬ್ಯಾಟರಿ ಜಗ್ಗುವುದಿಲ್ಲ. ನಮ್ಮ ಕಷ್ಟಗಳೇ ಬೇರೆ. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಜನವರಿಯಲ್ಲಿ ಬೆಳಿಗ್ಗೆ ಆರೂ ಮುಕ್ಕಾಲಾದರೂ ಸೂರ್ಯ ಸರಿಯಾಗಿ ಮೇಲೆದ್ದಿರುವುದಿಲ್ಲ. ನೀರು ನಿಂತ ಗದ್ದೆಯ ಮೇಲೆ ಮಂಜು ಕವಿಯುತ್ತದೆ. ಆಲೆಮನೆಗೆ ಹೊರಟ ಕಬ್ಬಿನ ಟ್ರಾಲಿಯ ಹಿಂದೆ ಒಂದು ಮಿಣುಕು ದೀಪವೂ ಇರುವುದಿಲ್ಲ, ಕಬ್ಬಿನ ಸೋಗೆ ಮಾತ್ರ ಟ್ರಾಲಿಯಿಂದ ಹೊರಗೆ ಚಾಚಿಕೊಂಡಿರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ರಸ್ತೆಯ ಮೇಲಿನ ಒಕ್ಕಣೆ. ಕೊಯ್ಲಾದ ಮೇಲೆ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡುತ್ತಾರೆ. ಬಸ್ಸು, ಲಾರಿಗಳು ತುಳಿದುಕೊಂಡು ಹೋದರೆ ಕಾಳು ಉದುರುತ್ತದೆ. ಕಣ ಮಾಡಲು ಜಾಗವಿಲ್ಲದ ರೈತ ಇನ್ನೇನು ಮಾಡಬೇಕು? ಆದರೆ ಹರಡಿದ ಬೆಳೆಯ ಸುತ್ತ ಕಾವಲಿಗೆಂದು ತಲೆಗಾತ್ರದ ಕಲ್ಲುಗಳನ್ನು ಇಟ್ಟಿರುತ್ತಾರೆ. ಸಂಜೆ ಬೆಳೆಯನ್ನು ಬಾಚಿಕೊಂಡು ಹೋದ ಮೇಲೂ ಕಲ್ಲುಗಳು ಅಲ್ಲಿಯೇ ಉಳಿಯುತ್ತವೆ. ಒಣಗಿದ ಹುರುಳಿ ಗಿಡದ ಅಡಿಯಲ್ಲಿ ಕಾಳು ಉರುಳಾಡುತ್ತಿರುತ್ತದೆ. ಅದರ ಮೇಲೆ ಬ್ರೇಕ್ ಹಿಡಿದರೆ ಸೈಕಲ್ ಜಾರುತ್ತದೆ. ರಾಗಿ ಹುಲ್ಲಿನ ಬಣ್ಣ, ಧೂಳು ಕೂತ ಡಾಂಬರಿನ ಬಣ್ಣ, ಕಲ್ಲಿನ ಬಣ್ಣ ಮೂರೂ ಮಂದ ಬೆಳಕಿನಲ್ಲಿ ಒಂದೇ. ನನ್ನ ದೀಪ ಹೇಗಿರಬೇಕು ಎಂದು ತೀರ್ಮಾನಿಸಿದ್ದು ಈ ಕಲ್ಲುಗಳೇ.

ಎಷ್ಟು ದೂರ ಕಂಡರೆ ಸಾಕು ಎಂದು ಲೆಕ್ಕ ಹಾಕಿದೆ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ ಸುಮಾರು ಐದೂವರೆ ಮೀಟರ್ ಸಾಗುತ್ತದೆ. ಕಲ್ಲು ಕಂಡು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆಯುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನೂ ನಾಲ್ಕೈದು ಮೀಟರ್ ಬೇಕು. ಇಬ್ಬನಿ ಬಿದ್ದಿದ್ದರೆ ಇನ್ನೂ ಹೆಚ್ಚು. ಅಂದರೆ ಮುಂದಿನ ಹದಿನೈದು ಮೀಟರ್ ರಸ್ತೆ ಅಂಚಿನಿಂದ ಅಂಚಿಗೆ ಚೆನ್ನಾಗಿ ಕಂಡರೆ ನನ್ನ ಕೆಲಸ ಆಗುತ್ತದೆ. ನೂರು ಮೀಟರ್ ಆಚೆಯ ತೆಂಗಿನ ಮರದ ಸುಳಿ ಕಾಣಬೇಕಾಗಿಲ್ಲ.

ಡಬ್ಬಿಯ ಮೇಲಿನ ಲ್ಯೂಮೆನ್ ಸಂಖ್ಯೆ ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಲ್ಯೂಮೆನ್ ಎಂದರೆ ದೀಪದಿಂದ ಎಲ್ಲ ದಿಕ್ಕಿಗೂ ಹೊರಡುವ ಒಟ್ಟು ಬೆಳಕು. ರಸ್ತೆಯ ಮೇಲೆ ಎಷ್ಟು ಬೀಳುತ್ತದೆ ಎನ್ನುವುದಕ್ಕೆ ಲಕ್ಸ್ ಎಂಬ ಬೇರೆ ಅಳತೆಯಿದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಅದೇ ಆಕಾರದ ಬೆಳಕಿನಲ್ಲಿ ಎರಡರಷ್ಟು ದೂರ ನೋಡಬೇಕಾದರೆ ನಾಲ್ಕರಷ್ಟು ಲ್ಯೂಮೆನ್ ಬೇಕು. ಮುನ್ನೂರರ ಬದಲು ಆರುನೂರು ಲ್ಯೂಮೆನ್‌ಗೆ ಹಣ ಕೊಟ್ಟರೆ ದುಪ್ಪಟ್ಟು ದೂರ ಕಾಣುವುದಿಲ್ಲ. ಬೆಳಕನ್ನು ಎಲ್ಲಿಗೆ ಕಳಿಸುತ್ತದೆ ಎನ್ನುವುದನ್ನು ನೋಡಿ ದೀಪ ಕೊಳ್ಳಬೇಕು. ಸಾದಾ ಟಾರ್ಚಿನ ದುಂಡು ಬೆಳಕಿನಲ್ಲಿ ಅರ್ಧದಷ್ಟು ಮೇಲಕ್ಕೆ, ಮರಗಳಿಗೆ ಮತ್ತು ಎದುರಿಗೆ ಬರುವವರ ಕಣ್ಣಿಗೆ ಹೋಗುತ್ತದೆ. ಜರ್ಮನಿಯಲ್ಲಿ ಸೈಕಲ್ ದೀಪದ ಬೆಳಕು ಎದುರಿನವರ ಕಣ್ಣು ಕುಕ್ಕುವಂತಿಲ್ಲ ಎಂಬ ನಿಯಮವೇ ಇದೆ. ಅಲ್ಲಿನ ದೀಪಗಳ ಬೆಳಕು ಮೇಲಂಚಿನಲ್ಲಿ ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಅಂಥವು ನನ್ನ ಕೈಗೆಟಕುವ ಬೆಲೆಯಲ್ಲಿ ಸಿಗಲಿಲ್ಲ. ಅದರ ಬದಲು ಗಾಜಿನ ಮೇಲೆ ಉದ್ದುದ್ದ ಗೀರುಗಳಿರುವ ದೀಪವನ್ನು ಹುಡುಕಿದೆ. ಆ ಗೀರುಗಳು ಬೆಳಕನ್ನು ಎಡಕ್ಕೂ ಬಲಕ್ಕೂ ಅಗಲವಾಗಿ ಹರಡುತ್ತವೆ.

ಪೇಟೆ ಬೀದಿಯ ಸೈಕಲ್ ಅಂಗಡಿಯವರು ಹಿರಿಯರು. “ಅಣ್ಣ, ಬಿಚ್ಚಿ ಹೊತ್ತಿಸಿ ನೋಡಬಹುದೇ?” ಎಂದು ಕೇಳಿದೆ. “ನೋಡದೆ ಹೇಗೆ ಕೊಳ್ಳುತ್ತೀಯಪ್ಪ, ಒಳಗೆ ಬಾ” ಎಂದು ಟೈರ್‌ಗಳನ್ನು ಪೇರಿಸಿದ್ದ ಕತ್ತಲೆ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯಿಂದ ಮೂರು ಹೆಜ್ಜೆ ಹಿಂದೆ ನಿಂತು ಒಂದೊಂದನ್ನೇ ಹೊತ್ತಿಸಿದೆವು. ಒಂದರ ನಟ್ಟನಡುವೆ ಕಣ್ಣು ಕೋರೈಸುವ ಬಿಳಿ ಚುಕ್ಕೆ, ಸುತ್ತ ಕತ್ತಲೆ. ಇನ್ನೊಂದರಲ್ಲಿ ಉಂಗುರ ಉಂಗುರವಾಗಿ ಕಲೆಗಳು. ನಾನು ತೆಗೆದುಕೊಂಡ ದೀಪದ ಬೆಳಕು ಗೋಡೆಯ ಮೇಲೆ ಅಡ್ಡಡ್ಡ ಹರಡಿತ್ತು. ನಡುವಿನಿಂದ ಅಂಚಿನವರೆಗೆ ನಿಧಾನವಾಗಿ ಕಡಿಮೆಯಾಗುತ್ತಿತ್ತು. ಬಣ್ಣವೂ ನೀಲಿಗಟ್ಟದೆ, ಸ್ವಲ್ಪ ಹಳದಿಗೆ ತಿರುಗಿದ ಬಿಳುಪು. ಮಣ್ಣು, ಹುಲ್ಲು, ಕಲ್ಲುಗಳ ವ್ಯತ್ಯಾಸ ನನ್ನ ಕಣ್ಣಿಗೆ ಆ ಬಣ್ಣದಲ್ಲಿಯೇ ಚೆನ್ನಾಗಿ ತಿಳಿಯುತ್ತದೆ. ಡಬ್ಬಿಯ ಮೇಲೆ 400 ಲ್ಯೂಮೆನ್ ಎಂದಿತ್ತು, ಬೆಲೆ ಎಂಟುನೂರರ ಹತ್ತಿರ.

ಬ್ಯಾಟರಿಯ ಲೆಕ್ಕವನ್ನು ಮನೆಯಲ್ಲಿಯೇ ಹಾಕಿಕೊಂಡು ಹೋಗಬೇಕು. ಇಂಥ ದೀಪಗಳಲ್ಲಿ ಸಾಮಾನ್ಯವಾಗಿ 18650 ಎಂಬ ಕೋಶವಿರುತ್ತದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, 3.7 ವೋಲ್ಟ್. ಒಳ್ಳೆಯ ಕೋಶದ ಸಾಮರ್ಥ್ಯ ಎರಡು ಸಾವಿರದಿಂದ ಮೂರೂವರೆ ಸಾವಿರ ಎಂಎಎಚ್ (ಮಿಲಿಆಂಪಿಯರ್-ಗಂಟೆ) ಒಳಗಿರುತ್ತದೆ. ಅದೇ ಗಾತ್ರದ ಒಂದು ಕೋಶದ ಮೇಲೆ 9900 ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು, ಅಂಥದ್ದನ್ನು ಮುಟ್ಟಲೇಬೇಡಿ. ಎರಡು ಸಾವಿರ ಎಂಎಎಚ್ ಎಂದರೆ ಎರಡು ಆಂಪಿಯರ್-ಗಂಟೆ; ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ ಕೋಶದಲ್ಲಿ ಏಳೂಕಾಲು, ಏಳೂವರೆ ವ್ಯಾಟ್-ಗಂಟೆಯಷ್ಟು ವಿದ್ಯುತ್ ಇರುತ್ತದೆ. ಅಗ್ಗದ ಎಲ್‌ಇಡಿ ದೀಪದಲ್ಲಿ ಒಂದು ವ್ಯಾಟಿಗೆ ನೂರು ಲ್ಯೂಮೆನ್ ಹೊರಬಂದರೆ ದೊಡ್ಡದು. ಹಾಗಾದರೆ ಸಾವಿರ ಲ್ಯೂಮೆನ್‌ಗೆ ಹತ್ತು ವ್ಯಾಟ್; ಮುಕ್ಕಾಲು ಗಂಟೆಯೊಳಗೆ ಬ್ಯಾಟರಿ ಖಾಲಿ. ‘ಸಾವಿರ ಲ್ಯೂಮೆನ್, ಎಂಟು ಗಂಟೆ’ ಎಂದು ಬರೆದ ಪುಟ್ಟ ದೀಪವನ್ನು ಕಂಡರೆ ಈ ಗುಣಾಕಾರ ಮಾಡಿ, ನಿಜ ಗೊತ್ತಾಗುತ್ತದೆ. ನನ್ನ ದೀಪವನ್ನು ಮಧ್ಯಮ ಬೆಳಕಿನಲ್ಲಿ ಇಟ್ಟು ಗಡಿಯಾರ ನೋಡಿದೆ. ಮೂರು ಗಂಟೆ ಕಳೆದ ಮೇಲೆ ಮಂಕಾಗತೊಡಗಿತು. ನನ್ನ ದಾರಿಗೆ ಮುಕ್ಕಾಲು ಗಂಟೆ ಸಾಕು.

ದೀಪದೊಂದಿಗೆ ಬಂದ ಪ್ಲಾಸ್ಟಿಕ್ ಹಿಡಿಕೆ ನನ್ನ ಹಳೆಯ ಸೈಕಲ್ಲಿನ ಸಣ್ಣ ಹ್ಯಾಂಡಲ್‌ಗೆ ಸಡಿಲವಾಗುತ್ತಿತ್ತು. ಪಂಕ್ಚರ್ ಅಂಗಡಿಯಿಂದ ಹಳೆಯ ಟ್ಯೂಬಿನ ತುಂಡು ತಂದು, ಎರಡು ಬೆರಳಗಲದ ಪಟ್ಟಿ ಕತ್ತರಿಸಿದೆ. ಸೀಮೆಸುಣ್ಣದ ಪುಡಿಯಂತಿದ್ದ ಒಳಗಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಅದೇ ಜಾರುತ್ತದೆ. ಪಟ್ಟಿಯನ್ನು ಎಳೆದು ಹಿಡಿದು ಹ್ಯಾಂಡಲ್‌ಗೆ ಎರಡು ಸುತ್ತು ಸುತ್ತಿ, ಅದರ ಮೇಲೆ ಹಿಡಿಕೆ ಕೂರಿಸಿ ತಿರುಪು ಬಿಗಿದೆ. ರಸ್ತೆಯ ಉಬ್ಬು ಹಾರಿಸಿದರೂ ದೀಪ ತಲೆ ಬಗ್ಗಿಸುವುದಿಲ್ಲ. ರಬ್ಬರ್ ಪಟ್ಟಿಯಿಂದ ಕಟ್ಟುವ ದೀಪ ಕೊಂಡವರು ಮಳೆಗಾಲ ಕಳೆದ ಮೇಲೆ ಒಮ್ಮೆ ಆ ಪಟ್ಟಿಯನ್ನು ಎಳೆದು ನೋಡಬೇಕು. ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ.

ಬೆಳಕಿನ ನಡುಭಾಗ ಏಳೆಂಟು ಮೀಟರ್ ಮುಂದೆ ರಸ್ತೆಗೆ ತಾಗುವಂತೆ ಬಗ್ಗಿಸಿದ್ದೇನೆ. ಇದಕ್ಕಿಂತ ಮೇಲೆತ್ತಿದರೆ ಎದುರಿನವರಿಗೆ ತೊಂದರೆ. ನೀರು ಕಟ್ಟಲು ರಾತ್ರಿ ಗದ್ದೆಗೆ ಹೊರಟಿದ್ದ ನಮ್ಮೂರಿನ ಹಿರಿಯರೊಬ್ಬರು ಒಮ್ಮೆ ಕೈ ಅಡ್ಡ ಹಿಡಿದು, “ಮಿನುಗುವ ದೀಪ ಹಾಕಿಕೊಂಡು ಬರಬೇಡಪ್ಪ, ಏರಿಯ ಮೇಲೆ ಕಾಲಿಡುವುದೆಲ್ಲಿ ಎಂದೇ ತಿಳಿಯುವುದಿಲ್ಲ” ಎಂದು ಹೇಳಿದರು. ಅವರ ಮಾತು ಸರಿ. ರಾತ್ರಿ ಹೊತ್ತು ಮುಂದಿನ ದೀಪ ಮಿನುಗಿಸುವುದರಿಂದ ನಮಗೂ ರಸ್ತೆ ತುಂಡು ತುಂಡಾಗಿ ಕಾಣುತ್ತದೆ.

ಮಂಜು ದಟ್ಟವಾಗಿದ್ದರೆ ಬೆಳಕನ್ನು ಹೆಚ್ಚಿಸಬಾರದು, ಕಡಿಮೆ ಮಾಡಬೇಕು. ಹೆಚ್ಚಿಸಿದಷ್ಟೂ ನೀರಿನ ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ತಲೆಗೆ ಕಟ್ಟಿಕೊಳ್ಳುವ ದೀಪ ಮಂಜಿನಲ್ಲಿ ಪ್ರಯೋಜನವಿಲ್ಲದ್ದು ಇದೇ ಕಾರಣಕ್ಕೆ. ದೀಪ ಕಣ್ಣಿನಿಂದ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು. ಡಿಸೆಂಬರ್ ಬಂದರೆ ನಾನು ದೀಪವನ್ನು ಹ್ಯಾಂಡಲ್‌ನಿಂದ ಬಿಚ್ಚಿ ಮುಂದಿನ ಫೋರ್ಕಿನ ಕಾಲಿಗೆ ಕಟ್ಟುತ್ತೇನೆ. ಅಲ್ಲಿಂದ ಬೆಳಕು ನೆಲಕ್ಕೆ ಸವರಿಕೊಂಡು ಹೋಗುವುದರಿಂದ ಒಂದು ಸಣ್ಣ ಕಲ್ಲಿಗೂ ಉದ್ದನೆಯ ನೆರಳು ಬೀಳುತ್ತದೆ. ಕಲ್ಲಿಗಿಂತ ಮೊದಲು ಅದರ ನೆರಳು ಕಾಣುತ್ತದೆ. ಗದ್ದೆ ಬಯಲಿನ ಹುಳಗಳ ಕಾಟವೂ ತಗ್ಗುತ್ತದೆ, ಏಕೆಂದರೆ ಅವು ಬೆಳಕನ್ನು ಮುತ್ತುವುದು ನಮ್ಮ ಮುಖದಿಂದ ದೂರದಲ್ಲಿ. ಆದರೂ ಬಣ್ಣವಿಲ್ಲದ ಗಾಜಿನ ಕನ್ನಡಕ ಇರಲಿ. ಓಡುವ ಸೈಕಲ್ಲಿನಲ್ಲಿ ಕಣ್ಣಿಗೆ ಹುಳ ಬಿದ್ದರೆ ನಾಲೆ ಪಕ್ಕದಲ್ಲಿಯೇ ಇದೆ.

ಹಿಂದಿನ ದೀಪಕ್ಕೆ ಮುನ್ನೂರು ರೂಪಾಯಿ ಆಯಿತು. ಕೆಂಪು ದೀಪಕ್ಕೆ ಮೂವತ್ತು ನಲವತ್ತು ಲ್ಯೂಮೆನ್ ಧಾರಾಳ. ಸೀಟಿನ ಕೊಳವೆಗೆ ಕಟ್ಟಿದರೆ ನಮ್ಮ ಕಡೆಯ ಸೈಕಲ್ಲಿನ ಕ್ಯಾರಿಯರ್ ಅಡ್ಡ ಬರುತ್ತದೆ, ಕ್ಯಾರಿಯರ್ ಮೇಲೆ ಚೀಲವಿಟ್ಟರಂತೂ ದೀಪ ಇದ್ದೂ ಇಲ್ಲದಂತೆ. ಹಾಗಾಗಿ ಕ್ಯಾರಿಯರ್‌ನ ಹಿಂದಿನ ತುದಿಗೆ ಕಟ್ಟಿದ್ದೇನೆ. ಒಂದೇ ಸಮನೆ ಉರಿಯುವ ದೀಪದಿಂದ ಹಿಂದಿನವರಿಗೆ ನಮ್ಮ ದೂರ ಅಂದಾಜಿಗೆ ಸಿಗುತ್ತದೆ, ಮಿನುಗುವ ದೀಪ ಬೇಗ ಗಮನ ಸೆಳೆಯುತ್ತದೆ. ಅದಕ್ಕೇ ಬಟನ್ ಸೆಲ್ಲಿನ ನೂರು ರೂಪಾಯಿಯ ಇನ್ನೊಂದು ಪುಟ್ಟ ಕೆಂಪು ದೀಪವನ್ನು ಚೀಲಕ್ಕೆ ಸಿಕ್ಕಿಸಿ ಮಿನುಗಿಸುತ್ತೇನೆ. ದೊಡ್ಡದು ಕೈಕೊಟ್ಟರೂ ಇದು ಇರುತ್ತದೆ.

ಹೆದ್ದಾರಿ ಕಡೆಯಿಂದ ಬರುವವರಿಗೆ ಒಂದು ಮಾತು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಎಲ್ಲರೂ ಸರ್ವಿಸ್ ರಸ್ತೆಯಲ್ಲಿಯೇ ಇರುತ್ತಾರೆ, ಅದರಲ್ಲಿ ಎದುರು ದಿಕ್ಕಿನಿಂದ ನುಗ್ಗುವವರು ಬಹಳ. ಅಲ್ಲಿ ಮಾತ್ರ ಮುಂದಿನ ದೀಪವನ್ನೂ ಹಿಂದಿನದರಷ್ಟೇ ಮುಖ್ಯ ಎಂದು ತಿಳಿಯಿರಿ.

ನಮ್ಮ ತಂದೆಯ ಸೈಕಲ್ಲಿನಲ್ಲಿ ಟೈರ್‌ಗೆ ಉಜ್ಜಿ ತಿರುಗುವ ಬಾಟಲಿ ಡೈನಮೋ ಇತ್ತು, ಆರು ವೋಲ್ಟ್, ಮೂರು ವ್ಯಾಟ್. ಚಾರ್ಜ್ ಮಾಡುವ ಗೋಜಿಲ್ಲ, ಕಳ್ಳರ ಭಯ ಕಡಿಮೆ. ಆ ಕಾಲದಲ್ಲಿ ದೀಪವಿಲ್ಲದೆ ಹೋದರೆ ಪೊಲೀಸರು ಸೈಕಲ್ ನಿಲ್ಲಿಸಿ ಗಾಳಿ ತೆಗೆಯುತ್ತಿದ್ದರು ಎಂದು ಅವರು ಹೇಳುತ್ತಾರೆ. ಆದರೆ ಸೈಕಲ್ ನಿಂತರೆ ಬಾಟಲಿ ಡೈನಮೋದ ದೀಪವೂ ಆರುತ್ತದೆ. ಎದುರು ಲಾರಿ ಬಂತೆಂದು ನಾಲೆಯ ಏರಿಯ ಮೇಲೆ ಇಳಿದು ನಿಲ್ಲುವವನಿಗೆ ಅದು ಆಗದು. ನಾನು ಬ್ಯಾಟರಿ ದೀಪದ ಕಡೆಗೆ ಹೋಗಲು ಅದೊಂದೇ ಕಾರಣ ಸಾಕಾಯಿತು.

ಚಾರ್ಜಿಂಗ್ ರಂಧ್ರದ ರಬ್ಬರ್ ಮುಚ್ಚಳವನ್ನು ಪ್ರತಿ ಸಲವೂ ಒತ್ತಿ ಮುಚ್ಚುತ್ತೇನೆ, ಇಬ್ಬನಿಯ ತೇವ ಒಳಗೆ ಹೋದರೆ ಪಿನ್ನುಗಳು ಹಸಿರುಗಟ್ಟುತ್ತವೆ. ಕೊಳ್ಳುವಾಗ ಡಬ್ಬಿಯ ಮೇಲೆ ನೀರು ತಡೆಯುವ ಮಟ್ಟ ಐಪಿಎಕ್ಸ್4 ಎಂದಿದ್ದರೆ ಎರಚುವ ನೀರಿಗೆ ಸಾಕು. ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವುದಿಲ್ಲ, ಅಂಗಡಿಯಲ್ಲಿ ಕಣ್ಣೆದುರಿಗೇ ಚಾರ್ಜ್ ಮಾಡಿಕೊಳ್ಳುತ್ತೇನೆ.

ದೀಪಕ್ಕೂ ಮೀರಿ ಅಗ್ಗವಾಗಿ ಜೀವ ಉಳಿಸುವುದು ಹೊಳೆಯುವ ಪಟ್ಟಿ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಂಪು, ಬಿಳಿ ಎರಡೂ ಸಿಗುತ್ತವೆ. ಮಿರುಗುವ ಹಸಿರು ಅಂಗಿ ಹಗಲಿಗೆ ಸರಿ, ರಾತ್ರಿ ವಾಹನದ ಬೆಳಕಿಗೆ ತಿರುಗಿ ಹೊಳೆಯುವುದು ಈ ಪಟ್ಟಿ ಮಾತ್ರ. ಪೆಡಲ್‌ನ ರಿಫ್ಲೆಕ್ಟರ್ ಮುರಿದಿದ್ದರೆ ಹೊಸದು ಹಾಕಿಸಿ. ಮೇಲೆ ಕೆಳಗೆ ಆಡುವ ಎರಡು ಹೊಳಪುಗಳನ್ನು ಕಂಡ ಕೂಡಲೇ ಚಾಲಕನಿಗೆ ಇದು ಸೈಕಲ್ ಎಂದು ಹೊಳೆಯುತ್ತದೆ. ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಈಗಲೂ ನಮ್ಮೂರಿನಲ್ಲಿ ಓಡುತ್ತಿವೆ. ಟ್ಯೂಷನ್ ಮುಗಿಸಿ ಕತ್ತಲಲ್ಲಿ ಬರುವ ಮಕ್ಕಳ ಸೈಕಲ್ಲಿನಲ್ಲಿ ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಸೆಗಣಿ ಧೂಳಿನಲ್ಲಿ ಮುಚ್ಚಿಹೋಗಿರುತ್ತದೆ. ಭಾನುವಾರ ಬಿಡುವಿದ್ದಾಗ ಅವನ್ನು ತೊಳೆದು, ಹಿಂದಿನ ಮಡ್ಗಾರ್ಡಿಗೆ ಒಂದು ಗೇಣು ಕೆಂಪು ಪಟ್ಟಿ, ಪೆಡಲ್ ತೋಳುಗಳಿಗೆ ಬಿಳಿ ಪಟ್ಟಿ ಅಂಟಿಸಿಕೊಡುತ್ತೇನೆ. ಒಂದು ಸೈಕಲ್ಲಿಗೆ ಮೂವತ್ತು ರೂಪಾಯಿಯೂ ಆಗುವುದಿಲ್ಲ. ಅಂಟಿಸುವ ಮೊದಲು ಜಾಗವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಎಣ್ಣೆಯ ಪಸೆ ಉಳಿದರೆ ವಾರದಲ್ಲಿ ಪಟ್ಟಿ ಕಿತ್ತುಬರುತ್ತದೆ.