ಮುಂಗಡ, ನಗದು, ಉದ್ರಿ: ಮೂರು ಮಾಂತ್ರಿಕ ವರ್ಗಗಳನ್ನು ಬೇರೆ ಮಾಡಿದ ಬಗೆ

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಒಂದೇ ಆಟದಲ್ಲಿ ಮೂವರು ಮಾಂತ್ರಿಕರಿದ್ದು ಮೂವರೂ ಬೆಂಕಿಯ ಉಂಡೆಯನ್ನೇ ಎಸೆಯುತ್ತಿದ್ದರೆ, ಒಬ್ಬನದು ಕೆಂಪು, ಇನ್ನೊಬ್ಬನದು ನೀಲಿ ಎಂದು ಬರೆದು ಉಪಯೋಗವಿಲ್ಲ. ಮಂತ್ರಗಳ ಪಟ್ಟಿ ಹಂಚಿಕೊಟ್ಟರೂ ವ್ಯತ್ಯಾಸ ಎರಡು ಪಾಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ಬೇರೆಯಾಗಬೇಕಾದದ್ದು ಮಂತ್ರದ ಬೆಲೆ ತೆರುವ ಹೊತ್ತು. ನಮ್ಮ ಕಿರಾಣಿ ಅಂಗಡಿಗಳ ಲೆಕ್ಕ ಇದಕ್ಕೆ ಸರಿಯಾಗಿ ಕೂಡುತ್ತದೆ: ಒಬ್ಬ ಮುಂಗಡ ಕೊಟ್ಟು ಬಂದಿದ್ದಾನೆ, ಒಬ್ಬ ಕೈಗೆ ಬಂದಷ್ಟು ನಗದು ಕೊಡುತ್ತಾನೆ, ಒಬ್ಬ ಉದ್ರಿ ಬರೆಸುತ್ತಾನೆ.

ಇಂಥದೇ ಆಟವಾದ 1974ರ ಮೊದಲ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಮಂತ್ರ ಹಾಕುವವರೆಂದರೆ ಮ್ಯಾಜಿಕ್ ಯೂಸರ್ ಎಂಬ ಒಂದು ವರ್ಗ, ಜೊತೆಗೆ ದೈವಬಲದ ಕ್ಲೆರಿಕ್, ಅಷ್ಟೇ ಇದ್ದದ್ದು. 2014ರ ಐದನೇ ಆವೃತ್ತಿಯನ್ನು ನೋಡಿದರೆ ಬೆಲೆಯ ಹೊತ್ತು ಎಷ್ಟು ಕೆಲಸ ಮಾಡುತ್ತದೆಂದು ತಿಳಿಯುತ್ತದೆ. ಅದರ ಮಾಂತ್ರಿಕ ವರ್ಗಗಳಲ್ಲಿ ಐದನೇ ಹಂತದ ವಿಝಾರ್ಡ್‌ಗೆ ಒಂದನೇ ಮಟ್ಟದ 4, ಎರಡನೇ ಮಟ್ಟದ 3, ಮೂರನೇ ಮಟ್ಟದ 2 ಸ್ಲಾಟ್, ಅಂದರೆ ಮಂತ್ರ ಹಾಕುವ ಅವಕಾಶ. ಅವೆಲ್ಲ ತುಂಬಿ ಬರಲು ಇಡೀ ರಾತ್ರಿಯ ವಿಶ್ರಾಂತಿ ಬೇಕು. ಅದೇ ಹಂತದ ವಾರ್ಲಾಕ್‌ಗೆ ಇರುವುದು ಎರಡೇ ಸ್ಲಾಟ್, ಎರಡೂ ಮೂರನೇ ಮಟ್ಟದವು, ಒಂದು ತಾಸು ಕೂತೆದ್ದರೆ ಮರಳಿ ಬರುತ್ತವೆ. ಇಬ್ಬರೂ ಒಂದೇ ಮಂತ್ರ ಹಾಕಿದರೂ ಆಡುವ ರೀತಿ ಬೇರೆ. ವಿಝಾರ್ಡ್ ಮತ್ತು ಸಾರ್ಸರರ್ ನಡುವೆ ಮಾತ್ರ ಬಹುಪಾಲು ಮಂತ್ರಗಳೂ ಒಂದೇ, ಸ್ಲಾಟ್‌ಗಳೂ ಒಂದೇ. ಹೊಸಬರು ಅವರಿಬ್ಬರಲ್ಲೇ ಗೊಂದಲಗೊಳ್ಳುವುದಕ್ಕೆ ಇದೇ ಕಾರಣ.

ನನ್ನ ಆಟದ ನೆಲ ವಿಜಯಪುರದಂಥ ಒಂದು ಕೋಟೆಯೂರು. ದಾಳ ಎರಡು, ಆರು ಮುಖದವು, ಯಾವ ಅಂಗಡಿಯಲ್ಲೂ ಸಿಗುತ್ತವೆ. ಸಮತೋಲ ನೋಡಲು ಒಂದು ದಿನ ಎಂದರೆ 4 ಕಾಳಗ, ಕಾಳಗಕ್ಕೆ 4 ಪಾಳಿ ಎಂದು ಹಿಡಿದಿದ್ದೇನೆ. ಆ ದಿನದಲ್ಲಿ ಪ್ರತಿ ವರ್ಗವೂ ಸುಮಾರು 20 ಬಲ (ಮಂತ್ರದ ಪರಿಣಾಮ ಅಳೆಯುವ ಅಂಕ) ಹೊರಹಾಕಬೇಕು.

ಮುಂಗಡದವನು ಯಂತ್ರಕಾರ. 1570ರಲ್ಲಿ ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಸಿದ್ಧವಾದ ನುಜೂಮ್-ಉಲ್-ಉಲೂಮ್ ಎಂಬ ಸಚಿತ್ರ ಹಸ್ತಪ್ರತಿ ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಗ್ರಹಗತಿ, ಯಂತ್ರ, ತಾಯತಗಳ ವಿದ್ಯೆಯೆಲ್ಲ ಅದರಲ್ಲಿದೆ. ಈ ವರ್ಗದ ಬಣ್ಣ ಅಲ್ಲಿಂದ ಬಂತು. ಯಂತ್ರಕಾರ ಬೆಳಿಗ್ಗೆ ತನ್ನ ಹತ್ತು ಯಂತ್ರಗಳಲ್ಲಿ ಐದನ್ನು ಚೀಟಿಗಳಿಗೆ ಬರೆದುಕೊಳ್ಳುತ್ತಾನೆ, ಆರನೆಯ ಚೀಟಿ ಖಾಲಿ. ಒಂದೊಂದರ ಬಲ 4. ದಾಳ ಹಾಕುವ ಹಾಗಿಲ್ಲ, ಚೀಟಿ ಹರಿದರೆ ಕೆಲಸ ಆಗಿಯೇ ತೀರುತ್ತದೆ. ಖಾಲಿ ಚೀಟಿಯನ್ನು ನಡುವೆಯೂ ಬರೆಯಬಹುದು, ಆದರೆ ಅದಕ್ಕೆ ಇಡೀ ಒಂದು ಪಾಳಿ ಹೋಗುತ್ತದೆ. ಒಟ್ಟು 24 ಬಲವಾದರೂ ಒಂದು ಚೀಟಿ ಹೊಂದದೆ ಉಳಿದೇ ಉಳಿಯುತ್ತದೆ, ಹೀಗಾಗಿ 20. ಇಲ್ಲಿ ಕೆಡುವುದು ಬೆಳಗಿನ ಬರವಣಿಗೆ: ಆಟಗಾರ ಇಪ್ಪತ್ತು ನಿಮಿಷ ಯೋಚಿಸುತ್ತ ಕೂತರೆ ಉಳಿದವರು ಆಕಳಿಸುತ್ತಾರೆ. ‘ಹೇಳದಿದ್ದರೆ ನಿನ್ನೆಯ ಚೀಟಿಗಳೇ’ ಎಂಬ ಒಂದು ಸಾಲು ಸೇರಿಸಿದರೆ ಸಾಕು. ಚೀಟಿ ತೆಳು ಕಾಗದದ್ದೇ ಇರಲಿ, 6×9 ಸೆಂಟಿಮೀಟರ್‌ಗೆ ಕತ್ತರಿಸಿದರೆ ಒಂದು ಎ4 ಹಾಳೆಯಲ್ಲಿ ಒಂಬತ್ತು ಬರುತ್ತವೆ. ನಿಜವಾಗಿ ಹರಿಯಬೇಕು. ಹರಿದ ಸದ್ದು ಕೇಳಿದಾಗಲೇ ಮುಂಗಡ ಕರಗಿತೆಂದು ಎಲ್ಲರಿಗೂ ಗೊತ್ತಾಗುವುದು.

ನಗದಿನವನು ನಾದಗಾರ. ಇವನ ಮೇಲೆ ಹೆಚ್ಚು ದಿನ ಹೋದವು. ಗೋಲಗುಮ್ಮಟದ ಗ್ಯಾಲರಿಯಲ್ಲಿ ಪಿಸುಗುಟ್ಟಿದ್ದು ಆಚೆ ಗೋಡೆಗೆ ಕೇಳಿಸುತ್ತದೆ, ಕೂಗಿದ ದನಿ ಏಳು ಸಲ ಮರಳುತ್ತದೆ ಎಂದು ಊರಲ್ಲೆಲ್ಲ ಹೇಳುತ್ತಾರೆ. ಅದಕ್ಕೇ ಇವನಿಗೆ ಗರಿಷ್ಠ ಏಳು ಹುಣಸೆ ಬೀಜ. ಪ್ರತಿ ಪಾಳಿಗೆ ಒಂದು ಸ್ವರ ಎತ್ತಿ ಒಂದು ಬೀಜ ಮುಂದಿಡುತ್ತಾನೆ, ಬೇಕಾದಾಗ ಎಲ್ಲವನ್ನೂ ಒಮ್ಮೆಲೇ ಬಿಡುತ್ತಾನೆ. ಬಿಡುವುದಕ್ಕೆ ಬೇರೆ ಪಾಳಿ ಬೇಡ. ಮೊದಲ ಕರಡಿನಲ್ಲಿ ಒಂದು ಬೀಜಕ್ಕೆ ಒಂದು ಬಲ ಎಂದಿತ್ತು. ಅದು ತಪ್ಪು. ಕೂಡಿಟ್ಟರೂ ಅಷ್ಟೇ, ಬಿಡಿಬಿಡಿಯಾಗಿ ಎಸೆದರೂ ಅಷ್ಟೇ ಎಂದಾದರೆ ಆಟಗಾರ ಪ್ರತಿ ಪಾಳಿಗೂ ಒಂದೊಂದೇ ಎಸೆಯುತ್ತಾನೆ, ನಾದಗಾರ ಹೋಗಿ ಬಿಲ್ಲುಗಾರ ಉಳಿಯುತ್ತಾನೆ. ಕೂಡಿಡುವುದಕ್ಕೆ ಆಸೆ ಹುಟ್ಟಬೇಕು. ಈಗಿನ ಲೆಕ್ಕದಲ್ಲಿ ಒಂದು ಬೀಜಕ್ಕೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 6, ಐದಕ್ಕೆ 9, ಆರಕ್ಕೆ 12, ಏಳಕ್ಕೆ 16.

ಆಸೆಯ ಜೊತೆ ಭಯವೂ ಬೇಕು. ಪೆಟ್ಟು ಬಿದ್ದರೆ ಎರಡೂ ದಾಳ ಹಾಕಿ, ಬೀಜಗಳ ಸಂಖ್ಯೆಗೆ 4 ಕೂಡಿಸಿದಷ್ಟು ಅಥವಾ ಹೆಚ್ಚು ಬೀಳಿಸಬೇಕು, ಇಲ್ಲವಾದರೆ ಎಲ್ಲ ಬೀಜ ಹೋದವು. ಎರಡು ಬೀಜವಿದ್ದಾಗ ಉಳಿಯುವ ಸಾಧ್ಯತೆ 72%, ಮೂರಿದ್ದರೆ 58%, ಐದಿದ್ದರೆ 28%, ಏಳಿದ್ದರೆ 8%. ಬಯಲಲ್ಲಿ ಶೂನ್ಯದಿಂದ ಶುರು, ಸೂರಿನಡಿ ಒಂದರಿಂದ, ಗುಮ್ಮಟದಡಿ ಎರಡರಿಂದ. ಈ ಮೊದಲ ಬೀಜ ಕಾಳಗಕ್ಕೆ ಒಂದೇ ಸಲ. ಎರಡು ಕಾಳಗ ಬಯಲಲ್ಲಿ, ಎರಡು ಸೂರಿನಡಿ, ಪ್ರತಿ ಕಾಳಗದ ಎರಡನೇ ಪಾಳಿಯಾದ ಮೇಲೆ ಒಂದು ಪೆಟ್ಟು ಎಂದು ಹಿಡಿದರೆ ದಿನಕ್ಕೆ ಸರಾಸರಿ 22 ಬಲ ಬರುತ್ತದೆ. ಬೀಜದ ಬದಲು ಕವಡೆ ಇಟ್ಟರೂ ನಡೆದೀತು, ಆದರೆ ಎಣಿಸಲು ಮಾತ್ರ. ಕವಡೆಯ ಎರಡು ಮಗ್ಗುಲು ಸಮನಾಗಿ ಬೀಳುವುದಿಲ್ಲ, ಅದನ್ನೇ ದಾಳವಾಗಿ ಎಸೆದರೆ ಮೇಲಿನ ಶೇಕಡಾವಾರು ಯಾವುದೂ ನಿಲ್ಲದು.

ಉದ್ರಿಯವನು ಋಣಗಾರ. ಇವನಿಗೆ ಮಂತ್ರಗಳ ಪಟ್ಟಿಯೇ ಇಲ್ಲ. ತೆರೆ, ಮುಚ್ಚು, ತಾ, ಮರೆಸು ಎಂಬ ನಾಲ್ಕು ಮಾತು. ಅವುಗಳೊಳಗೆ ಏನು ಬೇಕಾದರೂ, ಯಾವಾಗ ಬೇಕಾದರೂ, ಒಂದು ಸಲಕ್ಕೆ 4 ಬಲದವರೆಗೆ ಕೇಳಬಹುದು. ಎರಡು ಬಲಕ್ಕೆ ಒಂದು ಋಣ, ಕೆಂಪು ಬಟ್ಟೆ ಹೊದಿಸಿದ ಸಣ್ಣ ವಹಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಬರೆದ ಕೂಡಲೇ ಎರಡು ದಾಳ. ಒಟ್ಟು ಋಣದಷ್ಟೇ ಅಥವಾ ಕಡಿಮೆ ಬಿದ್ದರೆ ಈ ಬಲವನ್ನು ಉದ್ರಿ ಕೊಟ್ಟಾತ ವಸೂಲಿಗೆ ಬಂದ. ಋಣ 2 ಇದ್ದಾಗ ಅವನು ಬರುವ ಸಾಧ್ಯತೆ 3%, 4 ಇದ್ದರೆ 17%, 6ಕ್ಕೆ 42%, 8ಕ್ಕೆ 72%. ಪೂರ್ತಿ ಬಲವನ್ನೇ ಕೇಳುತ್ತ ಹೋದರೆ ಸರಾಸರಿ 3.4 ಸಲಕ್ಕೆ ಬಂದು ನಿಲ್ಲುತ್ತಾನೆ.

ವಸೂಲಿಯಲ್ಲಿ ಎರಡು ತಪ್ಪು ಆಗುತ್ತವೆ. ಕೊಟ್ಟಾತ ಇಡೀ ಗುಂಪನ್ನು ಹೊಡೆದರೆ ಗೆಳೆಯರ ಸಿಟ್ಟು ಆಟಗಾರನ ಮೇಲೆ ತಿರುಗುತ್ತದೆ, ಪಾತ್ರದ ಮೇಲಲ್ಲ. ಹೀಗಾಗಿ ಕಳೆದುಕೊಳ್ಳುವುದು ಅವನ ಸ್ವಂತದ್ದೇ ಇರಬೇಕು: ಮರುದಿನದವರೆಗೆ ಬಲಗೈ, ದನಿ, ನೆರಳು, ಒಬ್ಬ ಸಂಗಾತಿಯ ಹೆಸರಿನ ನೆನಪು, ನಾಲ್ಕು ಮಾತುಗಳಲ್ಲಿ ಒಂದು, ಇಲ್ಲವೇ ಮಾಡಿಕೊಡಲೇಬೇಕಾದ ಒಂದು ಕೆಲಸ. ಒಂದು ದಾಳ ಹಾಕಿ ಆರರಲ್ಲಿ ಒಂದನ್ನು ಆರಿಸಿದ ಮೇಲೆ ವಹಿ ಶೂನ್ಯ. ಇನ್ನೊಂದು, ಆಟ ಮುಗಿಯುವ ಹೊತ್ತಿಗೆ ಮನಬಂದಂತೆ ಉದ್ರಿ ಎತ್ತುವುದು. ಋಣ ಮುಂದಿನ ವಾರಕ್ಕೂ ನಡೆಯಬೇಕು, ಆಟದೊಳಗಿನ ಪ್ರತಿ ಸೂರ್ಯೋದಯಕ್ಕೆ ಒಂದು ಬಡ್ಡಿ.

ಈ ವರ್ಗಕ್ಕೆ ಹರಕೆ ಹೊತ್ತವ ಎಂಬ ಹೆಸರು ಸಹಜವಾಗಿ ಬಾಯಿಗೆ ಬರುತ್ತದೆ. ನಾನು ಅದನ್ನು ಬಿಟ್ಟೆ. ಸವದತ್ತಿ ಎಲ್ಲಮ್ಮನಿಗೆ ನಿಜವಾಗಿ ಹರಕೆ ಹೊತ್ತ ಮನೆಯವರೇ ಆಟಕ್ಕೆ ಕೂರುತ್ತಾರೆ; ಅವರ ನಂಬಿಕೆಯನ್ನು ದಾಳದ ಲೆಕ್ಕಕ್ಕೆ ಇಳಿಸುವುದು ಸರಿಯಲ್ಲ. ಕೊಟ್ಟಾತ ಕಲ್ಪಿತ ಬಾವಿಯೊಂದರ ಒಡೆಯ.

ಮೂವರೂ ಬೇರೆಯಾದರೇ ಎಂದು ನೋಡಲು ಒಂದೇ ಸನ್ನಿವೇಶ ಸಾಕು. ತಾಜ್ ಬಾವಡಿಯಂಥ ದೊಡ್ಡ ಬಾವಿ, ನೀರು ಮೆಟ್ಟಿಲೇರುತ್ತಿದೆ, 4 ಬಲದ ಕಲ್ಲುಬಾಗಿಲು. ಯಂತ್ರಕಾರನ ಚೀಟಿಗಳಲ್ಲಿ ಬಾಗಿಲಿನದು ಇಲ್ಲ. ‘ಖಾಲಿ ಚೀಟಿ ಬರೀತೇನ್ರಿ’ ಎನ್ನುತ್ತಾನೆ. ಒಂದು ಪಾಳಿ ಬರೆಯಲು, ಎರಡನೆಯದು ಹರಿಯಲು. ನಾದಗಾರನ ತಲೆಯ ಮೇಲೆ ಆಕಾಶ, ಶೂನ್ಯದಿಂದ ಶುರು. ಮೂರನೇ ಪಾಳಿಗೆ ಮೂರು ಬೀಜ, ಆದರೆ ಎರಡನೆಯದರಲ್ಲಿ ಮೇಲಿಂದ ಕಲ್ಲು ಬಿದ್ದರೆ 6 ಬೀಳಿಸಬೇಕು. ಋಣಗಾರ ಮೊದಲ ಪಾಳಿಗೇ ‘ತೆರೆ’ ಎಂದ, ವಹಿಯಲ್ಲಿ 2 ಏರಿತು. ಪಾತ್ರದ ಹೆಸರು ಮುಚ್ಚಿ ಈ ಮೂರನ್ನು ಓದಿಸಿದಾಗ ಯಾರು ಯಾರೆಂದು ಕೇಳಿದವರು ಹೇಳಲಾರರಾದರೆ ನಿಯಮವನ್ನು ಮತ್ತೆ ಬರೆಯಬೇಕು.

ಹಂತ ಏರಿಸುವಾಗ ಜಾಗ್ರತೆ ಬೇಕು. ಯಂತ್ರಕಾರನಿಗೆ ಎರಡು ಹಂತಕ್ಕೊಂದು ಚೀಟಿ, ಒಂಬತ್ತಕ್ಕೆ ನಿಲ್ಲಲಿ; ಎರಡನೇ ಖಾಲಿ ಚೀಟಿ ಎಂದೂ ಬೇಡ, ಕೊಟ್ಟರೆ ಮುಂಗಡದ ಅರ್ಥವೇ ಹೋಗುತ್ತದೆ. ನಾದಗಾರನಿಗೆ ಪೆಟ್ಟಿನ ದಾಳಕ್ಕೆ ಒಂದು ಕೂಡಿಸಿಕೊಡಿ. ಋಣಗಾರನಿಗೆ ಇನ್ನೊಬ್ಬ ಕೊಟ್ಟಾತನನ್ನು ಕೊಡುವುದು ಚೆಂದ ಕಾಣುತ್ತದೆ, ಆದರೆ ಒಂದೇ ವಹಿಯ 8 ಋಣ 72% ಅಪಾಯವಾದರೆ, ಎರಡು ವಹಿಗಳಲ್ಲಿ ನಾಲ್ಕು ನಾಲ್ಕಾಗಿ ಹಂಚಿ ಎರಡಕ್ಕೂ ದಾಳ ಹಾಕಿದರೂ ಅದು 31%ಕ್ಕೆ ಇಳಿಯುತ್ತದೆ. ಅದಕ್ಕೇ ನನ್ನ ನಿಯಮದಲ್ಲಿ ಒಬ್ಬ ವಸೂಲಿಗೆ ಬಂದರೆ ಇನ್ನೊಬ್ಬನೂ ಅವನ ಹಿಂದೆಯೇ ಬರುತ್ತಾನೆ.