ಕೆರಿಬಿಯನ್ ಪ್ರವಾಸ: ಮೊದಲು ಹಳೇ ಪೇಟೆ, ಆಮೇಲೆ ಕಡಲು

ಕೆರಿಬಿಯನ್ ಅಂದರೆ ರೆಸಾರ್ಟಿನಲ್ಲಿ ಕೈಗೆ ಅತಿಥಿಯ ಗುರುತಿನ ಪಟ್ಟಿ ಕಟ್ಟಿಸಿಕೊಂಡು ವಾರವಿಡೀ ಅಲ್ಲೇ ಬಿದ್ದಿರುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗುವವರು ಹಾಗೆ ಮಾಡಬೇಡಿ. ಒಂದು ವಾರ ಇದ್ದರೆ ಎರಡು ರಾತ್ರಿ ರಾಜಧಾನಿ ಸ್ಯಾಂಟೋ ಡೊಮಿಂಗೊದಲ್ಲಿ, ಉಳಿದದ್ದು ಕಡಲತೀರದ ಪುಂಟಾ ಕಾನಾದಲ್ಲಿ ಕಳೆಯಿರಿ. ಊರು ಮೊದಲೇ ಮುಗಿಸಿ. ನಾಲ್ಕು ದಿನ ಮರಳಲ್ಲಿ ಮಲಗಿ ಎದ್ದವರಿಗೆ ಬಿಸಿಲಲ್ಲಿ ಕಲ್ಲುಹಾಸಿನ ಬೀದಿ ಸುತ್ತುವ ಮನಸ್ಸು ಎಲ್ಲಿಂದ ಬರಬೇಕು?

ಮೊದಲು ಕಾಗದಪತ್ರ. ಭಾರತೀಯ ಪಾಸ್‌ಪೋರ್ಟಿನಲ್ಲಿ ಅಮೆರಿಕ, ಕೆನಡಾ, ಬ್ರಿಟನ್ ಅಥವಾ ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ಪ್ರವಾಸಕ್ಕೆ ಬೇರೆ ವೀಸಾ ಬೇಡ. ಅಮೆರಿಕದಲ್ಲಿ ಎಚ್‌-1ಬಿ ಕೆಲಸದ ವೀಸಾ ಮೇಲಿರುವ ನಮ್ಮವರು ಮಾತ್ರ ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿನ ತಾರೀಕು ನೋಡಿಕೊಳ್ಳಿ: ಅವಧಿ ಮುಗಿದ ಸ್ಟ್ಯಾಂಪಿನಲ್ಲೇ ಕೆನಡಾ, ಮೆಕ್ಸಿಕೊಗೆ ಚಿಕ್ಕ ಭೇಟಿ ಕೊಟ್ಟು ವಾಪಸ್ ಬರುವ ಸವಲತ್ತು ಈ ದ್ವೀಪಕ್ಕೆ ನಿಮಗೆ ಸಿಗುವುದಿಲ್ಲ. ಇ-ಟಿಕೆಟ್ ಎಂಬ ಸರ್ಕಾರಿ ಫಾರಂ ಹೋಗುವಾಗಲೂ ಬರುವಾಗಲೂ ಬೇಕು. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ.

ವಿಮಾನ ಸ್ಯಾಂಟೋ ಡೊಮಿಂಗೊಗೆ ಇಳಿಯುವಂತೆ, ಪುಂಟಾ ಕಾನಾದಿಂದ ಹೊರಡುವಂತೆ ಬುಕ್ ಮಾಡಿ. ಬಂದ ದಾರಿಯಲ್ಲೇ ವಾಪಸ್ ಓಡುವ ತಲೆನೋವು ತಪ್ಪುತ್ತದೆ.

ಹೋಟೆಲ್ ಹಳೇ ಪೇಟೆಯಾದ ಸೋನಾ ಕೊಲೊನಿಯಲ್‌ನಲ್ಲೇ ಇರಲಿ. ಸ್ಪೇನಿನವರು 1502ರಲ್ಲಿ ಓಸಾಮಾ ನದಿಯ ಆಚೆ ದಡದಿಂದ ಈ ದಡಕ್ಕೆ ತಂದು ಕಟ್ಟಿದ ಊರು ಇದು, 1990ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಆಗಿನ ಗವರ್ನರ್ ಒವಾಂಡೊನ ಕಲ್ಲಿನ ಮನೆಯೇ ಈಗ ಹೋಟೆಲ್ಲು, ಖರ್ಚು ಮಾಡುವುದಾದರೆ ಅಲ್ಲಿ ಮಾಡಿ. ಬೆಳಗ್ಗೆ ಬಿಸಿಲೇರುವ ಮೊದಲೇ ಕಾಯೆ ಲಾಸ್ ದಾಮಾಸ್ ಬೀದಿಗಿಳಿಯಿರಿ. ಒಂದು ತುದಿಯಲ್ಲಿ ಕೋಟೆ, ಮಧ್ಯದಲ್ಲಿ 1753ರ ಬಿಸಿಲು ಗಡಿಯಾರ, ಮುಂದೆ ಹೋದರೆ ಕೊಲಂಬಸ್‌ನ ಮಗ ದಿಯೆಗೊ ಕಟ್ಟಿಸಿದ ಅರಮನೆ. ಅಮೆರಿಕ ಖಂಡಗಳಲ್ಲೇ ಮೊದಲ ಕೆಥೆಡ್ರಲ್ ಕೂಡ ಇಲ್ಲೇ ಪಕ್ಕದಲ್ಲಿದೆ, ಭುಜ-ಮಂಡಿ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಸೋಮವಾರ ಎಷ್ಟೋ ಮ್ಯೂಸಿಯಂ ಬಾಗಿಲು ತೆಗೆಯುವುದಿಲ್ಲ.

ತಿಂಡಿಗೆ ಮಂಗೂ ಕೇಳಿ. ಬಾಳೆಕಾಯಿ ಬೇಯಿಸಿ, ಬಿಸಿಯಿದ್ದಾಗಲೇ ಬೆಣ್ಣೆ ಹಾಕಿ ನುಣ್ಣಗೆ ಮಸೆದು, ಮೇಲೆ ವಿನೆಗರಿನಲ್ಲಿ ಬಾಡಿಸಿದ ಕೆಂಪು ಈರುಳ್ಳಿ ಸುರಿದು ಕೊಡುತ್ತಾರೆ. ಪಕ್ಕದಲ್ಲಿ ಹುರಿದ ಚೀಸು, ಮೊಟ್ಟೆ, ಸಲಾಮಿ. ಸಸ್ಯಾಹಾರಿಗಳು ಸಲಾಮಿ ಬೇಡವೆಂದು ಮೊದಲೇ ಹೇಳಿ, ಕಾಳಿನ ಸಾರಲ್ಲೂ ಮಾಂಸ ಇರಬಹುದು, ಕೇಳಿಕೊಳ್ಳಿ. ಹೋಟೆಲ್ ಬಿಲ್ಲಿನಲ್ಲಿ ಶೇ 18 ತೆರಿಗೆ, ಶೇ 10 ಸರ್ವೀಸ್ ಸೇರಿರುತ್ತದೆ. ಮೆನು ನೋಡಿ ಅಗ್ಗ ಅಂತ ಹಿಗ್ಗಬೇಡಿ.

ಪುಂಟಾ ಕಾನಾ ಸುಮಾರು 200 ಕಿ.ಮೀ., ಹೆದ್ದಾರಿಯಲ್ಲಿ ಎರಡೂವರೆ-ಮೂರು ಗಂಟೆ. ಬಸ್ಸೂ ಇದೆ, ಆದರೆ ಸೂಟ್‌ಕೇಸ್ ಜಾಸ್ತಿ ಇದ್ದರೆ ಕಾರೇ ಸರಿ. ರೆಸಾರ್ಟಿನಲ್ಲಿ ಬಟ್ಲರ್ ಇರುವ ರೂಮು ನನ್ನ ಪ್ರಕಾರ ಸುಮ್ನೆ ದುಡ್ಡು ದಂಡ, ಅದೇ ಹಣಕ್ಕೆ ಕಡಲು ಕಾಣುವ ರೂಮು ತೆಗೆದುಕೊಳ್ಳಿ. ತೀರ ಪೂರ್ವಕ್ಕಿದೆ, ಸೂರ್ಯ ಬಾಲ್ಕನಿ ಎದುರಿಗೇ ಹುಟ್ಟುತ್ತಾನೆ.

ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆ ಕಾಲ, ರೇಟೂ ಅಷ್ಟೇ ಜಾಸ್ತಿ ಇರುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಭಯ. ಅಲ್ಲಿನ ಬೇಸಿಗೆಯಲ್ಲಿ ಸರ್ಗಾಸಮ್ ಎಂಬ ಕಂದು ಪಾಚಿ ರಾಶಿ ರಾಶಿ ದಡಕ್ಕೆ ಬಂದು ಬೀಳುತ್ತದೆ, ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ. ಆ ತಿಂಗಳುಗಳಲ್ಲೇ ಹೋಗಬೇಕಾದರೆ ಪುಂಟಾ ಕಾನಾ ಬಿಟ್ಟು ದಕ್ಷಿಣ ತೀರದ ಬಯಾಹಿಬೆ ನೋಡಿ, ಅಲ್ಲಿ ಪಾಚಿ ಕಾಟ ಸಾಮಾನ್ಯವಾಗಿ ಕಡಿಮೆ, ಸಾವೊನಾ ದ್ವೀಪಕ್ಕೆ ದೋಣಿಯೂ ಅಲ್ಲಿಂದಲೇ ಹೊರಡುತ್ತದೆ.