ಚಿನ್ನ ಹುಡುಕಲು ಹೋಗಿ ಕರಿಕಲ್ಲನ್ನು ಬಿಟ್ಟು ಬಂದದ್ದು

ಹಟ್ಟಿ–ಮಸ್ಕಿ ಶಿಲಾಪಟ್ಟಿಯಲ್ಲಿ ಮೊದಲ ಸಲ ಶಿಲೆಗಳ ನಕ್ಷೆ ಮಾಡಲು ಹೋದಾಗ ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಬೆಣಚುಕಲ್ಲು. ರಾಯಚೂರು ಸೀಮೆಯ ಬಿಸಿಲಿಗೆ ಅದು ಫರ್ಲಾಂಗ್ ದೂರದಿಂದಲೇ ಹೊಳೆಯುತ್ತದೆ. ಚಿನ್ನ ಇರುವುದು ಬೆಣಚಿನ ಎಳೆಗಳಲ್ಲಿ ಎಂದು ಓದಿಕೊಂಡು ಬಂದವನು, ಎರಡು ವಾರ ಬಿಳಿಕಲ್ಲನ್ನೇ ಒಡೆದು ಚೀಲ ತುಂಬಿದೆ. ಪ್ರಯೋಗಾಲಯದಿಂದ ಬಂದ ಪಟ್ಟಿಯ ಉದ್ದಕ್ಕೂ ಒಂದೇ ಮಾತು: ಅಳತೆಗೆ ಸಿಗುವಷ್ಟಿಲ್ಲ.

ಚೀಲ ಹೊರಲು ಬರುತ್ತಿದ್ದ ಹಿರಿಯರೊಬ್ಬರು ಆಮೇಲೆ ಬಾಯಿ ಬಿಟ್ಟರು. "ಸರ, ಹಳೇ ಮಂದಿ ಬಿಳಿಕಲ್ಲು ಹಂಗ ಬಿಟ್ಟಾರ. ಬಾಜೂಕಿನ ಕರಿದ ಅಗದಾರ, ನೋಡ್ರಿ."

ನೋಡಿದೆ. ಆ ಭಾಗದಲ್ಲಿ ಪುರಾತನರು ತೋಡಿದ ಗುಂಡಿಗಳು ಬಹಳ. ಅದಿರು ಕುಟ್ಟಿದ ಬಟ್ಟಲಿನಂಥ ಕುಳಿಗಳು ಬಂಡೆಗಳ ಮೇಲೆ ಇನ್ನೂ ಇವೆ. ಗುಂಡಿಯ ಅಂಚಿನಲ್ಲಿ ಹಾಲುಬಿಳಿ ಬೆಣಚು ಮುಟ್ಟದೆ ನಿಂತಿತ್ತು. ಪಕ್ಕದ ಕಪ್ಪು ಶಿಸ್ಟ್ ಅನ್ನು, ಅಂದರೆ ಹಾಳೆಹಾಳೆಯಾಗಿ ಸೀಳುವ ಕಲ್ಲನ್ನು, ಅದರೊಳಗೆ ನೂಲಿನಂತೆ ಓಡುವ ಬೂದು ಬೆಣಚಿನ ಸಮೇತ, ಕೆತ್ತಿ ತೆಗೆದಿದ್ದರು. ಉಳಿದ ಗೋಡೆಗೆ ಸುತ್ತಿಗೆ ಹಾಕಿದೆ. ಬೆಳ್ಳುಳ್ಳಿ ವಾಸನೆ! ಆರ್ಸೆನೊಪೈರೈಟ್‌ಗೆ ಏಟು ಬಿದ್ದಾಗ ಬರುವ ವಾಸನೆ ಅದು. ಆರ್ಸೆನಿಕ್ ಇರುವ ಖನಿಜವಾದ್ದರಿಂದ ಮೂಗು ಹತ್ತಿರ ತಂದು ಎಳೆದುಕೊಳ್ಳುವ ಉತ್ಸಾಹ ಬೇಡ.

ಕಾರಣ ಆಮೇಲೆ ಹೊಳೆಯಿತು. ನೆಲದಾಳದ ಬಿಸಿ ದ್ರವ ಚಿನ್ನವನ್ನು ಗಂಧಕದ ಜತೆಗೆ ಕರಗಿಸಿಕೊಂಡು ಬಿರುಕುಗಳಲ್ಲಿ ಮೇಲೇರುತ್ತದೆ. ಲಾವಾದಿಂದಾದ ಕಪ್ಪು ಶಿಲೆಯಲ್ಲಿ ಕಬ್ಬಿಣ ಧಾರಾಳ. ಆ ಕಬ್ಬಿಣ ಗಂಧಕವನ್ನು ಹಿಡಿದು ಪೈರೈಟ್, ಆರ್ಸೆನೊಪೈರೈಟ್ ಆಗುತ್ತಿದ್ದಂತೆ ಆಸರೆ ತಪ್ಪಿದ ಚಿನ್ನ ಅಲ್ಲೇ ಕೂರುತ್ತದೆ. ಅಂದರೆ ನಾನು ಮಾದರಿ ಎತ್ತಬೇಕಿದ್ದದ್ದು ಎಳೆಯಿಂದಷ್ಟೇ ಅಲ್ಲ, ಅದರ ಅಕ್ಕಪಕ್ಕದ ಗೋಡೆಯಿಂದಲೂ.

ಎರಡನೇ ಸುತ್ತಿನಲ್ಲಿ ಪದರಗಳಿಗೆ ಅಡ್ಡಲಾಗಿ ಕಿರಿದಾದ ತೋಡು ಕೊರೆದು ಮಾದರಿ ತೆಗೆದೆವು. ಮೀಟರಿಗೊಂದು ಚೀಲ ಎಂಬ ಲೆಕ್ಕ ಬಿಟ್ಟು, ಕಲ್ಲು ಬದಲಾದಲ್ಲಿ ಚೀಲ ಬದಲಿಸಿದೆವು. ಎರಡೂ ಬದಿ ಬರಡು ಶಿಲೆ ಸಿಗುವವರೆಗೆ ಹೋದೆವು. ಕೆಲಸಗಾರರ ಬೆರಳಲ್ಲಿದ್ದ ಉಂಗುರಗಳನ್ನು ಬಿಚ್ಚಿಸಿದೆ. ನಗಬೇಡಿ, ಟನ್ನಿಗೆ ಮೂರು ಗ್ರಾಂ ಎಂದರೆ 333 ಕಿಲೋ ಕಲ್ಲಿಗೆ ಒಂದು ಗ್ರಾಂ. ಉಂಗುರದಿಂದ ಉದುರಿದ ಒಂದು ಪುಡಿ ಲೆಕ್ಕವನ್ನೇ ಕೆಡಿಸುತ್ತದೆ. ಪ್ರಯೋಗಾಲಯದ ಅಳತೆಯನ್ನು ಪರೀಕ್ಷಿಸಲು, ಚಿನ್ನವಿಲ್ಲವೆಂದು ಗೊತ್ತಿರುವ ಕಲ್ಲನ್ನೂ, ಒಂದೇ ಮಾದರಿಯ ಎರಡು ಪಾಲುಗಳನ್ನೂ ನಡುನಡುವೆ ಬೇರೆ ನಂಬರಿನಲ್ಲಿ ಸೇರಿಸಿದೆ. ಒಂದು ಜೋಡಿಯಲ್ಲಿ ಒಂದು ಪಾಲಿನ ಫಲಿತಾಂಶ ಇನ್ನೊಂದರ ಎರಡು ಪಟ್ಟು ಮೀರಿತ್ತು. ಪ್ರಯೋಗಾಲಯವನ್ನು ಬೈದೆ, ತಪ್ಪು ಅವರದಲ್ಲ. ಚಿನ್ನ ಹರಡಿಕೊಂಡಿರುವುದೇ ಹಾಗೆ, ಒಂದು ದಪ್ಪ ಕಣ ಯಾವ ಪಾಲಿಗೆ ಬಿತ್ತೋ ಅದು ಸಿರಿವಂತ.

ಇದೇ ಬುದ್ಧಿಯನ್ನು ಬೇರೆ ನೆಲಕ್ಕೆ ಹೊತ್ತುಕೊಂಡು ಹೋದರೂ ಕೆಟ್ಟೆವು. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರನ್ನು ಕೈಯಲ್ಲಿ ತೂಗಿಯೇ ಅಂದಾಜು ಮಾಡಬಹುದು. ಹೆಮಟೈಟ್ ಬೆಣಚಿಗಿಂತ ಹೆಚ್ಚುಕಡಿಮೆ ಎರಡರಷ್ಟು ಭಾರ. ಆದರೆ ಅಲ್ಲಿ ಮ್ಯಾಗ್ನೆಟೈಟ್ ಇರುವ ಪಟ್ಟೆಗಳ ಮೇಲೆ ದಿಕ್ಸೂಚಿ ಇಟ್ಟು ಒಂದು ದಿನವಿಡೀ ಅಳೆದ ನನ್ನ ನಕ್ಷೆಯಲ್ಲಿ ಪದರಗಳು ಕುಡಿದವನ ಹೆಜ್ಜೆಯ ಹಾಗಿದ್ದವು. ಆಮೇಲಿನಿಂದ ದೂರದ ಗುರುತುಗಳನ್ನು ನೋಡಿಯೇ ದಿಕ್ಕು ಹಿಡಿಯುತ್ತೇನೆ. ಮಲೆನಾಡಿನಲ್ಲಂತೂ ಜಂಬಿಟ್ಟಿಗೆಯ ಹೊದಿಕೆ ಬುಡದ ಶಿಲೆಯನ್ನು ತೋರಿಸುವುದೇ ಇಲ್ಲ. ಅಲ್ಲಿ ಹಳ್ಳದ ಮರಳು ಜಾಲಿಸಿ, ಯಾವ ಕವಲಿನಿಂದ ಏನು ಬಂತು ಎಂದು ಹಿಂದೆ ಹಿಂದೆ ಹತ್ತಬೇಕು. ಜತೆಗೆ ಜಿಗಣೆ.

ಮಸ್ಕಿಯ ಕಡೆಯ ಆ ಕರಿ ಪಟ್ಟೆ ಟನ್ನಿಗೆ ಮೂರು ಗ್ರಾಂ ದಾಟಿತು. ಖುಷಿಯಲ್ಲಿ ಬೋರ್ ಹಾಕಿಸಿದೆವು. ಎರಡನೆಯದರ ಕೋರಿನಲ್ಲಿ, ಅಂದರೆ ಕೊರೆದು ಹೊರತೆಗೆದ ಕಲ್ಲಿನ ಕೋಲಿನಲ್ಲಿ, ಎಳೆ ಗೇಣಿಗೆ ಇಳಿದಿತ್ತು, ಮೂರನೆಯದರಲ್ಲಿ ಸಿಗಲೇ ಇಲ್ಲ. ಬ್ಲಾಕ್ ಕೈಬಿಟ್ಟು ಗುಡಾರ ಕಿತ್ತ ದಿನ, ಹಳಬರ ಗುಂಡಿಸಾಲಿನುದ್ದಕ್ಕೆ ಕೊನೆಯ ಸಲ ನಡೆದೆ. ಮೂರನೇ ಬೋರಿಗೆ ಹತ್ತಿಪ್ಪತ್ತು ಹೆಜ್ಜೆ ಇರುವಾಗಲೇ ಅವರೂ ಅಗೆಯುವುದನ್ನು ನಿಲ್ಲಿಸಿದ್ದರು.